ಎರಡು ಬಟ್ಟಲು ಕಸ್ಟರ್ಡ್

ಕಾರ್ಖಾನೆಯ ಕ್ಯಾಂಟೀನಿಗೆ ಕಾಲಿಟ್ಟ ಮಾರನೆಯ ದಿನವೇ ಅಡುಗೆಮನೆಯವರು ಹುಡುಗಿಗೆ ಹೆಸರಿಟ್ಟುಬಿಟ್ಟರು: ಸಪ್ಪೆ ಮೇಡಮ್ಮು. ಅವಳು ಮಾಡಿದ್ದಿಷ್ಟೇ. ಹಂಡೆಯಲ್ಲಿ ಕುದಿಯುತ್ತಿದ್ದ ಬೇಳೆಗೆ ಮುಖ್ಯ ಅಡುಗೆಯವನು ಹಿಡಿ ಹಿಡಿ ಉಪ್ಪು ಎಸೆಯುತ್ತಿದ್ದುದನ್ನು ನೋಡಿ, ಅಳತೆ ಮಾಡಿ ಹಾಕಿದರೆ ಆಗುವುದಿಲ್ಲವೇ ಎಂದು ಕೇಳಿದ್ದಳು. ಅವನು ಅಂಗೈ ಬಿಡಿಸಿ ತೋರಿಸಿ, ನನ್ನ ಅಳತೆ ಇದೇ, ಹುಟ್ಟುವಾಗಲೇ ಜೊತೆಗೆ ತಂದದ್ದು ಎಂದ. ತರಕಾರಿ ಹೆಚ್ಚುವವರು, ಪಾತ್ರೆ ತೊಳೆಯುವವರು ಎಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು. ನಗದೆ ಏನು ಮಾಡಿಯಾಳು? ಆಹಾರ ಶಾಸ್ತ್ರದ ಓದು ಮುಗಿಯಬೇಕಾದರೆ ಎಲ್ಲಾದರೂ ತರಬೇತಿ ಮಾಡಿ ಸರ್ಟಿಫಿಕೇಟು ತರಲೇಬೇಕು. ಜೊತೆಯವರಿಗೆಲ್ಲ ಆಸ್ಪತ್ರೆ ಸಿಕ್ಕಿತು, ಇವಳ ಪಾಲಿಗೆ ಬಂದದ್ದು ಈ ಕ್ಯಾಂಟೀನು. ಕೆಲಸಗಾರರು ಒಳ್ಳೆಯದನ್ನು ತಿನ್ನುವ ಹಾಗೆ ಮಾಡಿ ತೋರಿಸು ಎಂದು ಕಾಲೇಜಿನವರು ಕಳಿಸಿದ್ದರು.

ಅದೇ ಕಾರ್ಖಾನೆಯಲ್ಲಿ ಅವಳ ಅಪ್ಪ ಕ್ರೇನು ನಡೆಸುತ್ತಿದ್ದ. ರಸ್ತೆಯ ಮೇಲಿನ ಕ್ರೇನಲ್ಲ. ಶೆಡ್ಡಿನ ಸೂರಿನಡಿ ಹಳಿಯ ಮೇಲೆ ಅತ್ತಿತ್ತ ಓಡುವ ಹಳೆಯ ದೈತ್ಯ, ಅದಕ್ಕೆ ಅಂಟಿಕೊಂಡ ಗೂಡಿನಂಥ ಕ್ಯಾಬಿನ್ನು, ಅದರೊಳಗೆ ಅಪ್ಪ. ಕೆಳಗೆ ಕಬ್ಬಿಣದ ಹೊರೆಗೆ ಸರಪಳಿ ಬಿಗಿದು, ಕೊಕ್ಕೆ ಸಿಕ್ಕಿಸಿ, ಕೈಸನ್ನೆ ಮಾಡುವವನೊಬ್ಬನಿದ್ದ. ಇಡೀ ಶೆಡ್ಡು ಅವನನ್ನು ಕೊಕ್ಕೆ ಎಂದೇ ಕರೆಯುತ್ತಿತ್ತು. ಹುಡುಗಿಗೆ ಅವನು ಕೊಕ್ಕೆ ಮಾಮ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಕೆಳಗಿನವನ ಬೆರಳು ಅಲುಗಿದರೆ ಮೇಲಿನವನಿಗೆ ಸಾಕಿತ್ತು. ನಿಮ್ಮಪ್ಪನ ಜೊತೆ ನಾನು ಆಡಿದ್ದೆಲ್ಲ ಕೈಯಲ್ಲೇ, ಬಾಯಲ್ಲಿ ಆಡಿದ್ದರೆ ಯಾವತ್ತೋ ಹೊಡೆದಾಡಿಕೊಂಡಿರುತ್ತಿದ್ದೆವು ಎಂದು ಮಾಮ ಮನೆಗೆ ಬಂದಾಗಲೆಲ್ಲ ಹೇಳುತ್ತಿದ್ದ.

ಅಪ್ಪನಿಗೆ ಸಕ್ಕರೆ ಕಾಯಿಲೆ. ಅದು ಅಪ್ಪ, ಅಮ್ಮ, ಅಪ್ಪನ ಅಮ್ಮನಾದ ಅಜ್ಜಿ ಮತ್ತು ಹುಡುಗಿ, ಈ ನಾಲ್ವರನ್ನು ಬಿಟ್ಟರೆ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಕೊಕ್ಕೆ ಮಾಮನಿಗೂ ಗೊತ್ತಿರಲಿಲ್ಲ. ಅಮ್ಮ ಮಾತ್ರೆಗಳನ್ನು ಎರಡು ಬಸ್ಸು ಬದಲಿಸಿ ಹೋಗಿ ದೂರದ ಅಂಗಡಿಯಿಂದ ತರುತ್ತಿದ್ದಳು. ಅಪ್ಪನ ಅಂಗಿ ಇಸ್ತ್ರಿ ಮಾಡಿದಾಗಲೆಲ್ಲ ಜೇಬಿಗೆ ಎರಡು ಪೆಪ್ಪರ್‌ಮೆಂಟು ಹಾಕುತ್ತಿದ್ದಳು; ಮಾತ್ರೆಯಿಂದ ಸಕ್ಕರೆ ಒಮ್ಮೆಲೇ ಇಳಿದು ಕೈ ನಡುಗಿದರೆ ಬಾಯಿಗೆ ಹಾಕಿಕೊಳ್ಳಲಿಕ್ಕೆ. ಯಾಕಿಷ್ಟು ಗುಟ್ಟು ಎಂದು ಹುಡುಗಿ ಒಮ್ಮೆ ಕೇಳಿದ್ದಕ್ಕೆ, ಮನೆ ಮಾತು ಮನೆಯಲ್ಲಿರಲಿ ಎಂದು ಅಮ್ಮ ಅವಳ ಬಾಯಿ ಮುಚ್ಚಿಸಿದ್ದಳು. ಗಂಡಸರ ಬಿಗುಮಾನ ಇರಬೇಕು ಎಂದುಕೊಂಡು ಹುಡುಗಿ ಸುಮ್ಮನಾಗಿದ್ದಳು.

ಹುಡುಗಿ ಹಠ ಹಿಡಿದರೆ ಹಿಡಿದಳೇ. ಕ್ಯಾಂಟೀನಿನ ಮೇಲ್ವಿಚಾರಕನ ತಲೆ ತಿಂದು, ಉಗ್ರಾಣದ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಸಿರು ಅಂಚಿನ ತಟ್ಟೆಗಳನ್ನು ಹೊರಗೆ ತೆಗೆಸಿ ತೊಳೆಸಿದಳು. ಬಿಳಿ ತಟ್ಟೆಯವರಿಗೆ ಎಂದಿನ ಊಟ: ಗುಡ್ಡೆ ಅನ್ನ, ಎಣ್ಣೆ ತೇಲುವ ಬೇಳೆ, ಕರಿದದ್ದೇನಾದರೊಂದು, ಬಟ್ಟಲು ತುಂಬ ಹಳದಿ ಕಸ್ಟರ್ಡ್. ಹಸಿರು ತಟ್ಟೆಯವರಿಗೆ ಅರ್ಧ ಅನ್ನ, ದುಪ್ಪಟ್ಟು ತರಕಾರಿ, ಬೇಯಿಸಿದ ಮೊಟ್ಟೆ, ಜೊತೆಗೆ ಸಕ್ಕರೆಯ ಬದಲು ಸಿಹಿಹನಿ ಹಾಕಿದ ಕಸ್ಟರ್ಡ್. ಸಕ್ಕರೆಯಿಲ್ಲದೆ ಸಿಹಿ ಕೊಡುವ ಆ ಹನಿಯ ಪುಟ್ಟ ಸೀಸೆಯನ್ನು ಅಡುಗೆಯವನು ಬೆಳಕಿಗೆ ಹಿಡಿದು ನೋಡಿ, ಇದನ್ನು ಕಸ್ಟರ್ಡಿಗೆ ಹಾಕಬೇಕೋ ಕಣ್ಣಿಗೆ ಬಿಡಬೇಕೋ ಸರಿಯಾಗಿ ಹೇಳಿಬಿಡಿ ಮೇಡಮ್ಮು ಎಂದ.

ಮೊದಲ ವಾರ ಹಸಿರು ತಟ್ಟೆ ಮುಟ್ಟಿದವರು ಬೆರಳೆಣಿಕೆಯಷ್ಟು. ಹುಡುಗಿ ಸಾಲಿನ ಪಕ್ಕ ನಿಂತು ಒಬ್ಬೊಬ್ಬರ ಹತ್ತಿರವೂ ಮಾತಾಡಿದಳು. ನಿಮ್ಮ ಮೊಣಕಾಲು ಹೇಗಿದೆ, ನಿಮ್ಮ ಎದೆಯುರಿ ಹೇಗಿದೆ ಎಂದು ಕೇಳಿದಳು. ಎರಡನೆಯ ವಾರ ಕುಲುಮೆಯ ಕಡೆಯ ಹಿರಿಯನೊಬ್ಬ ಬಂದು ಹಸಿರು ತಟ್ಟೆ ಎತ್ತಿಕೊಂಡ. ಅವನು ಎತ್ತಿಕೊಂಡನೆಂದು ಇನ್ನೊಂದಿಷ್ಟು ಜನ ಎತ್ತಿಕೊಂಡರು. ತಟ್ಟೆಗಳು ಸಾಲದಾದವು. ಬಡಿಸುವ ಹೆಂಗಸು, ಅವಳನ್ನು ಎಲ್ಲರೂ ಸೌಟಮ್ಮ ಅನ್ನುತ್ತಿದ್ದರು, "ಪರವಾಗಿಲ್ವೇ, ನಿನ್ನ ಸಪ್ಪೆಗೂ ಗಿರಾಕಿ ಹುಟ್ಕೊಂಡ್ರು," ಎಂದು ಕಣ್ಣು ಮಿಟುಕಿಸಿದಳು. ಹುಡುಗಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮೂರನೆಯ ವಾರ ಸಿಬ್ಬಂದಿ ವಿಭಾಗದ ಅಧಿಕಾರಿ ಮಧ್ಯಾಹ್ನದ ಹೊತ್ತಿಗೆ ಕ್ಯಾಂಟೀನಿಗೆ ಬರತೊಡಗಿದ. ಊಟ ಮಾಡುತ್ತಿರಲಿಲ್ಲ. ಒಂದು ಲೋಟ ಚಹಾ ಮುಂದಿಟ್ಟುಕೊಂಡು ಹಸಿರು ತಟ್ಟೆಗಳ ಸಾಲಿಗೆ ಮುಖ ಮಾಡಿ ಕೂರುತ್ತಿದ್ದ. ಆ ವಾರದ ಕೊನೆಗೆ ಕುಲುಮೆಯ ಹಿರಿಯನನ್ನು ರಕ್ತ ಪರೀಕ್ಷೆಗೆ ಕರೆಸಿದರು. ಮುಂದಿನ ವಾರ ಅವನು ಗೇಟಿನ ಹತ್ತಿರ ಕೋಲು ಹಿಡಿದು ಲಾರಿಗಳಿಗೆ ದಾರಿ ತೋರಿಸುತ್ತ ನಿಂತಿದ್ದ. ಹುಡುಗಿ ಒಳಗೆ ಹೋಗುವಾಗ ಅವನು ಮುಖ ಆಚೆ ತಿರುಗಿಸಿಕೊಂಡ.

ಅವಳು ನೆಟ್ಟಗೆ ಅಧಿಕಾರಿಯ ಕೋಣೆಗೇ ಹೋದಳು. ಅವನು ಕುರ್ಚಿ ತೋರಿಸಿ ನಯವಾಗಿಯೇ ಮಾತಾಡಿದ. "ನಿಮ್ಮಿಂದ ನಮಗೆ ತುಂಬಾ ಅನುಕೂಲ ಆಯ್ತು ಮೇಡಂ. ಬೆಂಕಿ ಹತ್ರ ನಿಲ್ಲೋನಿಗೆ ತಲೆ ತಿರುಗಿದ್ರೆ ಯಾರು ಹೊಣೆ, ಹೇಳಿ? ನಾವು ವರ್ಷಗಟ್ಲೆ ಕೇಳಿದ್ರೂ ಬಾಯಿ ಬಿಡದವ್ರು ನಿಮ್ಮ ತಟ್ಟೆ ನೋಡಿ ತಾವಾಗೇ ಬಂದ್ರಲ್ಲ." ಹುಡುಗಿ ಎದ್ದು ಬಂದಳು. ಅವನ ಮಾತಿನಲ್ಲಿ ಸುಳ್ಳಿದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಅಲ್ಲಿಂದಾಚೆಗೆ ಹಸಿರು ತಟ್ಟೆಗಳು ಪೇರಿಸಿಟ್ಟ ಹಾಗೇ ಉಳಿದವು. ಅಷ್ಟೇ ಆಗಿದ್ದರೆ ಬೇರೆ ಮಾತು. ತಮಗೇನೂ ಕಾಯಿಲೆಯಿಲ್ಲ ಎಂದು ತೋರಿಸಲಿಕ್ಕೆ ಗಂಡಸರು ಪೈಪೋಟಿಗೆ ಬಿದ್ದರು. ಅಧಿಕಾರಿ ಕೂತ ಮೇಜಿಗೆ ಕೇಳಿಸುವ ಹಾಗೆ ಇನ್ನೊಂದು ಸೌಟು ಹಾಕಮ್ಮ, ಇನ್ನೊಂದು ಬಟ್ಟಲು ಕೊಡಮ್ಮ ಎನ್ನುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಕಣ್ಣು ಬಿದ್ದದ್ದು ಅವರೆಲ್ಲ ಕ್ರೇನಣ್ಣ ಎಂದು ಕರೆಯುತ್ತಿದ್ದ ಅಪ್ಪನ ಮೇಲೆ. ಮಗಳ ಊಟ ಅಪ್ಪನಿಗೇ ಬೇಡವೇ ಎಂದು ಒಬ್ಬ ರೇಗಿಸಿದರೆ, ಬೇಕಿದ್ದರೂ ತಗೊಳ್ಳುವ ಹಾಗಿಲ್ಲವೇನೋ ಎಂದು ಇನ್ನೊಬ್ಬ ನಗುತ್ತಿದ್ದ. ಅಪ್ಪ ಎರಡು ಬಟ್ಟಲು ಕಸ್ಟರ್ಡ್ ಎತ್ತಿಕೊಂಡು ಹೋಗಿ, ನಡುವಿನ ಮೇಜಿನಲ್ಲಿ ಕೂತು, ಚಮಚದಿಂದ ತಳ ಕೆರೆದು ತಿನ್ನುತ್ತಿದ್ದ. ದೂರದಿಂದ ನೋಡುತ್ತಿದ್ದ ಹುಡುಗಿ ಒಂದೊಂದು ಚಮಚವನ್ನೂ ಎಣಿಸುತ್ತಿದ್ದಳು.

ಒಂದು ಸಂಜೆ ಮನೆಯಲ್ಲಿ ಜಗಳ ಆಗಿಯೇ ಹೋಯಿತು. ಅಪ್ಪ ಕೈಕಾಲು ತೊಳೆದು ಊಟಕ್ಕೆ ಕೂತಿದ್ದ. ಅಜ್ಜಿ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ನೆನೆಸಿ ತಿನ್ನುತ್ತಿದ್ದಳು.

"ನೀವು ತಿಂತಿರೋದು ಕಸ್ಟರ್ಡ್ ಅಲ್ಲಪ್ಪಾ, ವಿಷ," ಎಂದಳು ಹುಡುಗಿ. "ಕಣ್ಣು ಹೋಗತ್ತೆ, ಕಿಡ್ನಿ ಹೋಗತ್ತೆ. ನಾನು ಓದಿರೋದೇ ಇದನ್ನ. ನನ್ನ ಕಣ್ಣೆದುರಿಗೇ ಎರಡೆರಡು ಬಟ್ಟಲು ತಿಂತೀರಲ್ಲ."

"ತಿನ್ನೋ ಹಾಗೆ ಮಾಡಿದ್ಯಾರು?" ಎಂದ ಅಪ್ಪ, ತಲೆಯೆತ್ತದೆ. "ಇಷ್ಟು ವರ್ಷ ಒಂದು ಚಮಚ ತಿಂದು ಬಟ್ಟಲು ಬಿಟ್ಟೇಳ್ತಿದ್ದೆ. ಯಾರೂ ನೋಡ್ತಿರ್ಲಿಲ್ಲ. ಈಗ ಅಲ್ಲಿರೋರಿಗೆಲ್ಲ ನನ್ನ ತಟ್ಟೆ ಮೇಲೇ ಕಣ್ಣು. ಸಕ್ಕರೆ ಕಾಯಿಲೆ ಇರೋನು ಕ್ರೇನ್ ಹತ್ತೋ ಹಾಗಿಲ್ಲ, ಗೊತ್ತಾ ನಿಂಗೆ? ಗೊತ್ತಾದ ದಿನವೇ ಇಳಿಸ್ತಾರೆ. ಕುಲುಮೆಯೋನ ಪಕ್ಕ ನನಗೂ ಒಂದು ಕೋಲು ಕೊಡ್ತಾರೆ."

ಅವಳಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ಅವಳೂ ಬೆನ್ನು ಹತ್ತಿ ಕೇಳಿರಲಿಲ್ಲ. ಹಾಗಿದ್ದರೆ ಮೊದಲೇ ಹೇಳಬಾರದಿತ್ತೇ ಎಂದು ಅಮ್ಮನ ಕಡೆ ತಿರುಗಿದಳು. ಹೇಳಿದ್ದರೆ ನೀನು ಸುಮ್ಮನಿರುತ್ತಿದ್ದೆಯಾ, ನೀನೇ ಕಾರ್ಖಾನೆಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದೆ ಎಂದಳು ಅಮ್ಮ. ಕ್ರೇನಿನ ಸಂಬಳ ನಿಂತರೆ ಈ ಬಾಡಿಗೆ ಮನೆಯೂ ಉಳಿಯುವುದಿಲ್ಲ, ನಿನ್ನ ಓದೂ ಉಳಿಯುವುದಿಲ್ಲ, ಸುಮ್ಮನೆ ಊಟ ಮಾಡು ಎಂದು ಗದರಿದಳು. ಎಲ್ಲರ ಮುಖ ಗಂಟಿಕ್ಕಿದ್ದನ್ನು ನೋಡಿ ಅಜ್ಜಿ, "ಅಷ್ಟು ಕಷ್ಟ ಆಗೋದಾದ್ರೆ ಆ ಎರಡು ಬಟ್ಟಲು ನನಗೆ ತಂದ್ಕೊಡ್ರೋ, ಮನೆ ಮರ್ಯಾದೆ ನಾನು ಉಳಿಸ್ತೀನಿ," ಎಂದಳು. ಅಪ್ಪನಿಗೂ ನಗು ತಡೆಯಲಾಗಲಿಲ್ಲ. ಆ ಮನೆಯಲ್ಲಿ ನಾಲ್ವರೂ ಒಟ್ಟಿಗೆ ನಕ್ಕದ್ದು ಅದೇ ಕಡೆ.

ಅಜ್ಜಿಯ ಮಾತಿನಿಂದಲೇ ಹುಡುಗಿಗೆ ಉಪಾಯ ಹೊಳೆದದ್ದು. ಮಾರನೆಯ ದಿನ ಹಸಿರು ತಟ್ಟೆಯವರಿಗೆಂದು ಮಾಡಿ ಯಾರೂ ಮುಟ್ಟದೆ ಉಳಿದ ಕಸ್ಟರ್ಡನ್ನು ಡಬ್ಬಿಯಲ್ಲಿ ತಂದು ಅಜ್ಜಿಗೆ ಕೊಟ್ಟಳು. ಅಜ್ಜಿ ಬೆರಳು ನೆಕ್ಕಿ, ಬಹಳ ರುಚಿಯಾಗಿದೆ, ಸಕ್ಕರೆ ಧಾರಾಳವಾಗಿ ಹಾಕಿದ್ದಾರೆ, ಮಾಡಿದವರ ಕೈ ದೊಡ್ಡದು ಎಂದಳು. ಇಡೀ ಬದುಕು ಸಿಹಿಗೆಂದು ಬಾಯಿಬಿಟ್ಟುಕೊಂಡು ಕೂತ ಮುದುಕಿಗೇ ಗೊತ್ತಾಗಲಿಲ್ಲ ಅಂದಮೇಲೆ ಇನ್ನು ಅಪ್ಪನಿಗೆ ಗೊತ್ತಾಗುವುದುಂಟೇ?

ಅವಳು ಸೌಟಮ್ಮನನ್ನು ಉಗ್ರಾಣದ ಹಿಂದೆ ಕರೆದುಕೊಂಡು ಹೋಗಿ ಕೇಳಿಕೊಂಡಳು. ಅಪ್ಪ ಬಂದಾಗ ಬಿಳಿ ತಟ್ಟೆಯನ್ನೇ ಕೊಡು, ಎರಡು ಬಟ್ಟಲನ್ನೇ ಕೊಡು, ಆದರೆ ಹನಿ ಹಾಕಿದ ಪಾತ್ರೆಯಿಂದ ಕೊಡು, ಅಪ್ಪನಿಗೂ ಹೇಳಬೇಡ ಎಂದಳು. ಹೇಳಿದರೆ ಅಪ್ಪ ಹೆದರಿಕೊಂಡು ಬೇಡ ಎನ್ನುತ್ತಾನೆ ಎಂದು ಅವಳ ಲೆಕ್ಕ. ಸೌಟಮ್ಮ ಕೈಯಲ್ಲಿದ್ದ ಸೌಟನ್ನು ಸೆರಗಿನಿಂದ ಒರೆಸಿದಳು.

"ತಿನ್ನೋರಿಗೆ ಹೇಳ್ದೆ ನಾನು ಇವತ್ತಿನವರೆಗೂ ಏನೂ ಬಡಿಸಿಲ್ಲ ಮಗಾ," ಎಂದಳು.

"ಒಳ್ಳೇದಕ್ಕೆ ತಾನೇ ಸೌಟಮ್ಮ?"

"ನೀನು ಓದಿದೋಳು. ಒಳ್ಳೇದು ಅಂದ್ರೆ ಒಳ್ಳೇದೇ ಇರ್ಬೇಕು."

ಹಾಗೆ ಶುರುವಾಯಿತು. ಅಪ್ಪ ನಡುವಿನ ಮೇಜಿನಲ್ಲಿ ಕೂತು ಎರಡು ಬಟ್ಟಲು ಮುಗಿಸುತ್ತಿದ್ದ, ಅಧಿಕಾರಿ ನೋಡುತ್ತಿದ್ದ, ಹುಡುಗಿ ಇಬ್ಬರನ್ನೂ ನೋಡಿ ಒಳಗೊಳಗೇ ಬೀಗುತ್ತಿದ್ದಳು. ಅಪ್ಪನ ಕೆಲಸವೂ ಉಳಿಯಿತು, ಮೈಯೂ ಉಳಿಯಿತು, ಯಾರ ಮನಸ್ಸೂ ನೋಯಲಿಲ್ಲ ಎಂದುಕೊಂಡಳು. ಸಂಜೆ ಅಪ್ಪ ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲೇ ತಿನ್ನಲು ಏನಾದರೂ ಕೊಡು ಎನ್ನತೊಡಗಿದ. ಹಣೆಯಲ್ಲಿ ಬೆವರು ಇರುತ್ತಿತ್ತು. ಒಮ್ಮೆ ಲೋಟ ಹಿಡಿದ ಕೈ ಅಲುಗಿ ನೀರು ಚೆಲ್ಲಿತು. ಹಸಿವು ಚುರುಕಾಗಿದೆ, ಒಳ್ಳೆಯ ಲಕ್ಷಣ ಎಂದು ಹುಡುಗಿ ಅಜ್ಜಿಯ ಹತ್ತಿರ ಹೇಳಿದಳು. ಪುಸ್ತಕದಲ್ಲಿ ಅದೇ ಬೆವರು, ಅದೇ ನಡುಕ, ಅದೇ ಹಸಿವಿನ ಬಗ್ಗೆ ಓದಿ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವಳು ಅವಳು. ಮನೆಯವರ ಮುಖದಲ್ಲಿ ಕಂಡಾಗ ಗುರುತು ಹತ್ತಲಿಲ್ಲ. ಬೆಳಿಗ್ಗೆ ಅವಳು ಅಡುಗೆಮನೆಗೆ ಬಂದರೆ ಅಮ್ಮ ಮಾತು ನಿಲ್ಲಿಸಿ ಮುಷ್ಟಿ ಮುಚ್ಚುತ್ತಿದ್ದಳು, ಅಪ್ಪ ನೀರು ಗುಟುಕರಿಸಿ ಹೊರಟುಬಿಡುತ್ತಿದ್ದ. ಜಗಳದ ಬಿಸಿ ಇನ್ನೂ ಆರಿಲ್ಲ ಎಂದುಕೊಂಡಳು.

ಅದಾಗಿ ಎರಡು ವಾರ ಕಳೆದಿರಬೇಕು. ಊಟದ ಹೊತ್ತಿಗೇ ಶೆಡ್ಡಿಗೆ ಲಾರಿ ಬಂದು ನಿಂತಿತ್ತು. ಸರಕು ಬೇಗ ಏರಿಸಿ ಎಂದು ಯಾರೋ ಕೂಗುತ್ತಿದ್ದರು. ಅಪ್ಪ ಅನ್ನ ಕಲಸಲೂ ಇಲ್ಲ. ನಿಂತಲ್ಲೇ ಎರಡು ಬಟ್ಟಲು ಕಸ್ಟರ್ಡ್ ಬಾಯಿಗೆ ಸುರಿದುಕೊಂಡು, ಇಷ್ಟು ಸಾಕು ಬಿಡು ಎಂದು ಸೌಟಮ್ಮನಿಗೆ ತಟ್ಟೆ ವಾಪಸು ಕೊಟ್ಟು ಓಡಿದ. ಹುಡುಗಿ ಒಳಗೆ ತರಕಾರಿ ಹೆಚ್ಚುವವರಿಗೆ ಸಿಪ್ಪೆ ತೆಳುವಾಗಿ ತೆಗೆಯುವುದು ಹೇಗೆಂದು ತೋರಿಸುತ್ತಿದ್ದಳು. ಸೈರನ್ನು ಕೂಗಿತು. ಮೊದಲು ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಆಮೇಲೆ ಹೊರಗೆ ಓಡುವ ಕಾಲುಗಳ ಸದ್ದು ಕೇಳಿ ಎಲ್ಲರೂ ಕೈಯಲ್ಲಿದ್ದದ್ದನ್ನು ಬಿಟ್ಟು ಎದ್ದರು.

ಶೆಡ್ಡಿನಲ್ಲಿ ಕ್ರೇನು ಎತ್ತಿದ ಹೊರೆ ಗೋಡೆಗೆ ಹೋಗಿ ಒರಗಿತ್ತು. ಗೋಡೆಗೂ ಹೊರೆಗೂ ನಡುವೆ ಕೊಕ್ಕೆ ಮಾಮನ ಕಾಲು ಇತ್ತು. ಮಾಮ ಕೂಗುತ್ತಿರಲಿಲ್ಲ, ಒಂದು ಕೈಯನ್ನು ಮೇಲೆತ್ತಿ, ನಿಲ್ಲಿಸು ಎನ್ನುವ ಸನ್ನೆಯನ್ನು ಹಾಗೇ ಹಿಡಿದಿದ್ದ. ಮೇಲೆ ಗೂಡಿನಲ್ಲಿ ಅಪ್ಪ ಹಿಡಿಕೆಯ ಮೇಲೆ ತಲೆಯಿಟ್ಟು ಬಿದ್ದಿದ್ದ. ನಾಲ್ವರು ಏಣಿ ಹತ್ತಿ ಅವನನ್ನು ಇಳಿಸಿದರು. ಮಂದಿಯೆಲ್ಲ ಮಾಮನ ಸುತ್ತ ನೆರೆದಿತ್ತು, ಅಪ್ಪನ ಹತ್ತಿರ ಹೆಚ್ಚು ಜನ ಇರಲಿಲ್ಲ. ಯಾರೋ ಒಬ್ಬ ಕೈಗೆ ಸಿಕ್ಕ ಸಿಹಿ ಚಹಾವನ್ನು ಅವನ ಬಾಯಿಗೆ ಹನಿಸಿದ. ಚಹಾ ಒಳಗಿಳಿದು ತುಸು ಹೊತ್ತಿಗೆ ಅಪ್ಪ ಕಣ್ಣು ಬಿಟ್ಟು, ಕೊಕ್ಕೆ ಎಲ್ಲಿ ಎಂದು ಕೇಳಿದ.

ವಿಚಾರಣೆಯಲ್ಲಿ ಅಪ್ಪ ಹೇಳಿದ್ದು ಒಂದೇ ಮಾತು: ನಿದ್ದೆ ಬಂತು. ಎಷ್ಟು ಕೇಳಿದರೂ ಅದೇ ಮಾತು. ಕೆಲಸದಿಂದ ತೆಗೆದುಹಾಕಿದರು. ಮನೆಗೆ ಬಂದವನನ್ನು ಅಮ್ಮ, ಕಾಯಿಲೆ ಅಂತಲಾದರೂ ಹೇಳಬಾರದಿತ್ತೇ, ನಿದ್ದೆ ಮಾಡಿ ಜೊತೆಗಾರನ ಕಾಲು ತೆಗೆದ ಅನ್ನುವ ಹೆಸರು ಯಾಕೆ ಹೊತ್ತಿರಿ ಎಂದು ಕೇಳಿದಳು. ಕಾಯಿಲೆ ಅಂದರೆ ಶೆಡ್ಡಿನವರ ರಕ್ತವನ್ನೆಲ್ಲ ಹಿಂಡಿ ಪರೀಕ್ಷೆ ಮಾಡುತ್ತಾರೆ, ನನ್ನಂಥವರು ಅಲ್ಲಿ ಬೇಕಾದಷ್ಟಿದ್ದಾರೆ ಎಂದ ಅಪ್ಪ. ಆಮೇಲೆ ಗೋಡೆ ನೋಡುತ್ತ ತನ್ನಷ್ಟಕ್ಕೆ ತಾನೇ ಎಂಬಂತೆ ಹೇಳಿದ:

"ಕೈ ನಡುಗಿದ್ದು ಗೊತ್ತಾಯ್ತು ಕಣೆ. ಪೆಪ್ಪರ್‌ಮೆಂಟು ಜೇಬಲ್ಲೇ ಇತ್ತು. ಈಗಷ್ಟೇ ಎರಡು ಬಟ್ಟಲು ಕಸ್ಟರ್ಡ್ ತಿಂದಿದ್ದೀನಲ್ಲ, ಇದು ಸಕ್ಕರೆ ಇಳಿದದ್ದಲ್ಲ, ಏರಿದ್ದು ಅಂದ್ಕೊಂಡೆ. ನೀರು ಕುಡ್ದೆ."

ಅಮ್ಮ ನೆಲದ ಮೇಲೆ ಕೂತುಬಿಟ್ಟಳು. "ನಾನೇ ಮಾಡ್ದೆ," ಎಂದಳು. "ದಿನಾ ಎರಡು ಬಟ್ಟಲು ತಿನ್ಲೇಬೇಕು ಅಂದ್ರಲ್ಲ, ಅದಕ್ಕೆ ಬೆಳಿಗ್ಗೆ ಒಂದಿದ್ದ ಮಾತ್ರೆ ಎರಡು ಮಾಡ್ದೆ. ಡಾಕ್ಟ್ರನ್ನ ಕೇಳ್ಲಿಲ್ಲ. ಇವಳನ್ನ ಕೇಳಿದ್ರೆ ಕುಣಿದಾಡ್ತಾಳೆ ಅಂತ ಇವಳಿಗೂ ಹೇಳ್ಲಿಲ್ಲ. ನನ್ನ ಕೈ ಮುರೀಲಿ."

ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. ಲೆಕ್ಕ ಅವಳ ತಲೆಯಲ್ಲಿ ತಾನಾಗಿಯೇ ಮುಗಿಯಿತು. ಎರಡು ಮಾತ್ರೆಗೆ ಎರಡು ಬಟ್ಟಲು ಸಕ್ಕರೆ ಎದುರಾಗಿದ್ದರೆ ಅಪ್ಪ ಇನ್ನೂ ಹೇಗೋ ನಡೆಸುತ್ತಿದ್ದ. ಸಕ್ಕರೆ ತೆಗೆದವಳು ಅವಳು. ಪೆಪ್ಪರ್‌ಮೆಂಟನ್ನು ಜೇಬಲ್ಲೇ ಉಳಿಸಿದವಳೂ ಅವಳು. ಅಮ್ಮ ಹಣೆ ಬಡಿದುಕೊಳ್ಳುತ್ತಿದ್ದಳು. ಹೇಳಬೇಕೆಂದು ಹುಡುಗಿ ಬಾಯಿ ತೆರೆದಳು, ಅಜ್ಜಿಗೆ ನೀರು ತರುತ್ತೇನೆಂದು ಒಳಗೆ ಹೋದಳು. ಅಜ್ಜಿ ನೀರು ಕೇಳಿರಲಿಲ್ಲ.

ಕೊಕ್ಕೆ ಮಾಮನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಅವನು ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದ ಅಮ್ಮ ದಿನಾ ಸಂಜೆ ಊಟದ ಡಬ್ಬಿ ಕಟ್ಟಿಕೊಂಡು ಅವನ ಮನೆಗೆ ಹೋಗುತ್ತಿದ್ದಳು. ಅಲ್ಲಿ ಪಾತ್ರೆ ತೊಳೆದು, ಬಟ್ಟೆ ಒಗೆದು, ಕತ್ತಲಾಗುವಾಗ ಬರುತ್ತಿದ್ದಳು. ಮಾಮನ ಹೆಂಡತಿ ಬೇಡ ಅಂದರೂ ಕೇಳುತ್ತಿರಲಿಲ್ಲ. ಮಾತ್ರೆಯ ಡಬ್ಬಿಯನ್ನು ಅತ್ತೆಯ ಮಡಿಲಿಗೆ ಹಾಕಿ, "ಇನ್ಮೇಲೆ ನೀವೇ ಎಣಿಸಿ ಕೊಡಿ ಅತ್ತೆ, ನನ್ನ ಕೈ ಬೇಡ," ಎಂದಿದ್ದಳು. ಕಣ್ಣು ಮಂಜಾದ ಅಜ್ಜಿ ಒಂದು ಮಾತ್ರೆಯನ್ನು ಅಂಗೈಯಲ್ಲಿಟ್ಟು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿ, ಒಂದೇ ತಾನೇ ಎಂದು ಎಲ್ಲರನ್ನೂ ಕೇಳಿ ಆಮೇಲೆ ಮಗನಿಗೆ ಕೊಡುತ್ತಿದ್ದಳು. ಸಿಹಿ ಬೇಕೆಂದು ಅವಳು ಮತ್ತೆ ಕೇಳಲಿಲ್ಲ.

ಅಪ್ಪನಲ್ಲೂ ಹೊಸದೊಂದು ಅಭ್ಯಾಸ ಸೇರಿಕೊಂಡಿತು. ತಟ್ಟೆ ಮುಂದೆ ಬಂದರೆ ಮೊದಲು, "ಯಾರು ಬಡಿಸಿದ್ದು?" ಎಂದು ಕೇಳುತ್ತಿದ್ದ. ಅಮ್ಮ ಒಳಗಿನಿಂದ ನಾನೇ ಎಂದರೆ ತುತ್ತು ಎತ್ತುತ್ತಿದ್ದ. ಹುಡುಗಿ ಬಡಿಸಿದ ದಿನ ಹಸಿವಿಲ್ಲ ಎನ್ನುತ್ತಿದ್ದ. ಕೆಲಸ ಹೋದ ಗಂಡಸು, ಊಟ ಸೇರುತ್ತಿಲ್ಲ ಎಂದುಕೊಳ್ಳುತ್ತಿದ್ದಳು ಹುಡುಗಿ. ಈವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ತಳ್ಳುತ್ತಿದ್ದಳು. ತರಬೇತಿ ಮುಗಿಯಲಿ, ಕೆಲಸವೊಂದು ಸಿಗಲಿ, ಮನೆಗೆ ಒಂದು ಆಧಾರವಾಗಲಿ, ಆಮೇಲೆ ಹೇಳಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಅದು ಸಮಾಧಾನವಲ್ಲ, ಹೇಡಿತನ ಎಂದು ಅವಳಿಗೂ ಗೊತ್ತಿತ್ತು.

ತರಬೇತಿಯ ಕಡೆಯ ವಾರ ಮೇಲ್ವಿಚಾರಕ ಅವಳನ್ನು ಕರೆದು ಕೂರಿಸಿ ಹೊಗಳಿದ. ನಿನ್ನ ಹನಿ ಕಸ್ಟರ್ಡಿಗೂ ಸಕ್ಕರೆ ಕಸ್ಟರ್ಡಿಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲವೆಂದು ಅಡುಗೆಯವನು ಹೇಳಿದ, ಖರ್ಚೂ ಕಡಿಮೆ ಬೀಳುತ್ತದೆ, ನಾಳೆಯಿಂದ ಎಲ್ಲರಿಗೂ ಅದನ್ನೇ ಹಾಕೋಣ ಎಂದ. "ಯಾರಿಗೂ ಹೇಳೋದು ಬೇಡ. ಹೇಳಿದ್ರೆ ತಾನೇ ತಕರಾರು? ಅವರ ಆರೋಗ್ಯಕ್ಕೇ ಒಳ್ಳೇದು."

ತನ್ನದೇ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿ ಹುಡುಗಿ ಕೂತಲ್ಲಿಂದ ಎದ್ದಳು. ಆ ಸಾಲಿನಲ್ಲಿ ಇನ್ನೆಷ್ಟು ಜನರ ಹೆಂಡತಿಯರು ಬೆಳಿಗ್ಗೆ ಮುಷ್ಟಿಯಲ್ಲಿ ಮಾತ್ರೆ ಮುಚ್ಚಿಕೊಂಡು ನಿಲ್ಲುತ್ತಾರೋ ಯಾರಿಗೆ ಗೊತ್ತು? ಬೇಡ ಸಾರ್ ಎಂದಳು. ಹೇಳಿಯೇ ಬಡಿಸಬೇಕು ಎಂದಳು. ಅವನು ನಕ್ಕು, ಹೋಗಿ ಕೆಲಸ ನೋಡು ಎಂದ. ಮಾರನೆಯ ದಿನ ಊಟದ ಗಂಟೆ ಹೊಡೆಯುವ ಮೊದಲು ಹುಡುಗಿ ಸೀಮೆಸುಣ್ಣ ತೆಗೆದುಕೊಂಡು, ದಿನದ ಊಟ ಬರೆಯುವ ಕರಿಹಲಗೆಯ ತುಂಬ ದೊಡ್ಡದಾಗಿ ಬರೆದಳು: ಇಂದಿನ ಕಸ್ಟರ್ಡಿಗೆ ಸಕ್ಕರೆ ಹಾಕಿಲ್ಲ. ಸಾಲಿನವರು ಓದಿದರು, ಗುಸುಗುಸು ಎದ್ದಿತು, ಮೂರ್ನಾಲ್ಕು ಜನ ಬಟ್ಟಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. ಮೇಲ್ವಿಚಾರಕ ಬಂದು ಹಲಗೆ ಒರೆಸಿದ. ನಿನ್ನ ಸರ್ಟಿಫಿಕೇಟಿಗೆ ನಾನು ಸಹಿ ಹಾಕಿದ ಹಾಗೇ ಇದೆ, ಹೋಗು ಎಂದ. ಹುಡುಗಿ ಹೊರಡುವಾಗ ಸೌಟಮ್ಮ ಸೌಟು ಕೆಳಗಿಟ್ಟು ಬಾಗಿಲವರೆಗೆ ಬಂದಳು, ಅಷ್ಟೇ.

ಹುಡುಗಿ ಮನೆಗೆ ಬಂದಾಗ ಅಮ್ಮ ಅಡುಗೆ ಮುಗಿಸಿ ಮಾಮನ ಮನೆಯ ಡಬ್ಬಿಗೆ ಅನ್ನ ತುಂಬುತ್ತಿದ್ದಳು. ಹುಡುಗಿ ಚೀಲವನ್ನೂ ಇಳಿಸದೆ ನಿಂತಲ್ಲೇ ಹೇಳಿದಳು. ಅಜ್ಜಿಗೆ ಕೊಟ್ಟು ಪರೀಕ್ಷೆ ಮಾಡಿದ್ದು, ಸೌಟಮ್ಮನನ್ನು ಒಪ್ಪಿಸಿದ್ದು, ಅಪ್ಪ ತಿಂದ ಒಂದು ಬಟ್ಟಲಿನಲ್ಲೂ ಸಕ್ಕರೆ ಇರಲಿಲ್ಲ ಎಂಬುದು, ಎಲ್ಲ ಹೇಳಿದಳು. ನಿನ್ನ ಮಾತ್ರೆಯೊಂದರಿಂದಲೇ ಆದದ್ದಲ್ಲಮ್ಮ ಎಂದಳು. ಅಮ್ಮ ಡಬ್ಬಿಯ ಮುಚ್ಚಳ ಹಾಕಿ ಒತ್ತಿದಳು.

"ಗೊತ್ತು," ಎಂದಳು.

ಹುಡುಗಿ ಚೀಲವನ್ನು ನೆಲಕ್ಕೆ ಇಳಿಸಿದಳು.

"ನಿಮ್ಮಪ್ಪನ ಕೆಲಸ ಹೋಯ್ತಲ್ಲ, ಅದರ ಮಾರನೇ ದಿನವೇ ಸೌಟಮ್ಮ ರಜಾ ಹಾಕಿ ಬಂದಿದ್ಲು. ಅತ್ಕೊಂಡು ಹೇಳಿದ್ಲು. ನೀನು ಕ್ಯಾಂಟೀನಲ್ಲಿದ್ದೆ." ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. "ಅವಳು ಆಫೀಸಿಗೆ ಹೋಗಿ ಹೇಳ್ಬಿಡ್ತೀನಿ ಅಂದ್ಲು. ನಿಮ್ಮಪ್ಪ ಕೈ ಮುಗಿದು ಬೇಡ ಅಂದ್ರು, ಮಗಳ ಓದು ಹಾಳಾಗತ್ತೆ ಅಂತ."

"ನನಗ್ಯಾಕೆ ಹೇಳ್ಲಿಲ್ಲಮ್ಮ?"

"ನೀನಾಗೇ ಹೇಳ್ಲಿ ಅಂತ ಕಾದ್ವಿ. ಮೊದಮೊದಲು ದಿನಾ ಕಾದ್ವಿ. ನೀನು ಬಾಗಿಲಲ್ಲಿ ಬಂದಾಗೆಲ್ಲ ಇವತ್ತು ಹೇಳ್ತಾಳೆ ಅಂತ ನಿಮ್ಮಪ್ಪ ನನ್ನ ಮುಖ ನೋಡೋರು." ಅಮ್ಮ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದಳು. "ಆಮೇಲೆ ಬಿಟ್ವಿ."

ಹುಡುಗಿಗೆ ಅಳು ಬಂತು. ಅಮ್ಮ ಅವಳ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟು ತೆಗೆದಳು. ನಿನ್ನದೊಂದೇ ಅಲ್ಲ, ನನ್ನದೊಂದೇ ಅಲ್ಲ, ಇಬ್ಬರೂ ಸೇರಿಯೇ ಮಾಡಿದ್ದು, ಅಪ್ಪನನ್ನಾಗಲಿ ಮಾಮನನ್ನಾಗಲಿ ನಾವು ಏನೂ ಕೇಳಲಿಲ್ಲ ಎಂದಳು. ನಾಳೆ ನೀನೂ ನನ್ನ ಜೊತೆ ಬಾ, ಮಾಮನ ಎದುರು ಕೂತು ಹೇಳು, ಅವನು ಬೈದರೆ ಬೈಸಿಕೋ ಎಂದಳು. ಬಾಗಿಲು ದಾಟುವಾಗ ತಿರುಗಿ, "ಅಪ್ಪನಿಗೆ ಬಡಿಸು," ಎಂದು ಹೇಳಿ ಹೋದಳು.

ಅಪ್ಪ ಒಳಗಿನ ಕೋಣೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಬಂದು ತನ್ನ ಜಾಗದಲ್ಲಿ ಕೂತ. ಅಜ್ಜಿ ಮಾತ್ರೆಯನ್ನು ಬೆರಳಿನಲ್ಲಿ ತಡವುತ್ತ ಪಕ್ಕದಲ್ಲಿದ್ದಳು. ಹುಡುಗಿ ಮುಖ ಒರೆಸಿಕೊಂಡು ತಟ್ಟೆ ತೊಳೆದು, ಅವನ ಕಣ್ಣೆದುರಿಗೇ ಬಡಿಸಿದಳು. ಒಂದೊಂದನ್ನೂ ಬಾಯಿಬಿಟ್ಟು ಹೇಳುತ್ತ ಬಡಿಸಿದಳು. "ಒಂದು ಸೌಟು ಅನ್ನ. ಬೇಳೆ, ಅಮ್ಮ ಮಾಡಿದ್ದು. ಸೊಪ್ಪು, ಉಪ್ಪು ಅಮ್ಮನೇ ಹಾಕಿದ್ದು. ಬೇರೇನೂ ಇಲ್ಲಪ್ಪಾ. ನಾನು ಏನೂ ಸೇರಿಸಿಲ್ಲ, ಏನೂ ತೆಗೆದಿಲ್ಲ."

ಅಪ್ಪ ತಟ್ಟೆಯನ್ನು ನೋಡಿದ. ಮಗಳನ್ನೂ ನೋಡಿದ. ಅವಳ ಕೆನ್ನೆಯ ಮೇಲೆ ಇನ್ನೂ ಉಳಿದಿದ್ದ ನೀರನ್ನು ಬೆರಳಿನಿಂದ ಒರೆಸಿದ. ಕೈ ಅನ್ನದವರೆಗೆ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಅವನು ಪಕ್ಕದಲ್ಲಿದ್ದ ಇನ್ನೊಂದು ತಟ್ಟೆಯನ್ನು ಎತ್ತಿ, ಸದ್ದಾಗದ ಹಾಗೆ, ಊಟದ ಮೇಲೆ ಕವುಚಿಟ್ಟ.

"ಬಿಸಿ ಇರ್ಲಿ," ಎಂದ. "ಅಮ್ಮ ಬರ್ಲಿ."